ತೊಡೆಸಂದಿನ ಗಂಟು: ಕಾಯೋದಾ, ಬೆಲ್ಟಾ, ಆಪರೇಷನ್ನಾ?

ಒಂದೇ ತಿಂಗಳಲ್ಲಿ ಮೂವರು ಒಂದೇ ತೊಂದರೆ ಹೇಳಿಕೊಂಡು ನನ್ನ ಹತ್ತಿರ ಬಂದರು. ಒಬ್ಬ ನಮ್ಮ ಬೀದಿಯ ಹುಡುಗ. ಅಡಿಕೆ ಮಂಡಿಯಲ್ಲಿ ಹಮಾಲಿ, ವಯಸ್ಸು 34. ಇನ್ನೊಬ್ಬರು ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಷ್ಟ್ರು. 71 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿಸಿ ನಾಲ್ಕು ತಿಂಗಳಾಗಿತ್ತು. ಮೂರನೆಯವರು ನಮ್ಮ ಅತ್ತಿಗೆ. ಮೂವರಿಗೂ ತೊಡೆಸಂದಿನಲ್ಲಿ ಗಂಟು. ಮೂವರೂ ದನಿ ತಗ್ಗಿಸಿಯೇ ಹೇಳಿದರು. ಅತ್ತಿಗೆಯಂತೂ ಆರು ತಿಂಗಳಿಂದ ಅಣ್ಣನಿಗೂ ಹೇಳಿರಲಿಲ್ಲ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಹೆಚ್ಚಿನ ಪಾಲು ಸರ್ಜರಿ ವಾರ್ಡು ಮತ್ತು ಆಪರೇಷನ್ ಥಿಯೇಟರಿನಲ್ಲೇ ಕಳೆದಿದೆ. ಈ ಮೂವರಿಗೂ ನಾನು ಒಂದೇ ಉತ್ತರ ಕೊಡಲಿಲ್ಲ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮದು ಯಾವ ದಾರಿ ಎಂದು ತೀರ್ಮಾನಿಸಲು ಇದು ಸಹಾಯಕ್ಕೆ ಬಂದೀತು.

ಮೊದಲು, ಅದು ಹರ್ನಿಯಾನೇ ಹೌದಾ?

ತೊಡೆಸಂದಿನಲ್ಲಿ ಬರುವ ಗಂಟುಗಳಲ್ಲಿ ತುಂಬಾ ಸಾಮಾನ್ಯವಾದವು ಎರಡು. ಒಂದು ಹರ್ನಿಯಾ, ಇನ್ನೊಂದು ಊದಿಕೊಂಡ ಗ್ರಂಥಿ.

ಹರ್ನಿಯಾ ಗುರುತಿಸುವುದು ಅಷ್ಟು ಕಷ್ಟವಲ್ಲ. ನಿಂತಾಗ, ಕೆಮ್ಮಿದಾಗ, ಭಾರ ಎತ್ತಿದಾಗ ಉಬ್ಬುತ್ತದೆ. ಮಲಗಿದರೆ ತಾನಾಗಿ ಒಳಗೆ ಹೋಗುತ್ತದೆ, ಇಲ್ಲವೇ ಮೆಲ್ಲಗೆ ಒತ್ತಿದರೆ ಹೋಗುತ್ತದೆ. ಬೆರಳಿಟ್ಟುಕೊಂಡು ಕೆಮ್ಮಿದರೆ ಒಳಗಿನಿಂದ ತಟ್ಟಿದ ಹಾಗೆ ಅನಿಸುತ್ತದೆ. ಅನುಭವವಿರುವ ಡಾಕ್ಟರಿಗೆ ಬಹಳಷ್ಟು ಸಲ ಇಷ್ಟೇ ಸಾಕು, ಸ್ಕ್ಯಾನ್ ಬೇಕಾಗುವುದು ಅನುಮಾನ ಇದ್ದಾಗ ಮಾತ್ರ.

ನಮ್ಮ ಕಡೆ ಇದಕ್ಕೆ ಅಂಡವಾಯು ಅನ್ನುತ್ತಾರೆ. ಹೆಸರಲ್ಲಿ ವಾಯು ಇರುವುದರಿಂದ ಎಷ್ಟೋ ಜನ ಇದು ಗ್ಯಾಸಿನ ತೊಂದರೆ ಅಂದುಕೊಂಡು ಆಲೂಗಡ್ಡೆ, ಕಡಲೆಬೇಳೆ ಬಿಟ್ಟು ವರ್ಷಗಟ್ಟಲೆ ಕಾಯುತ್ತಾರೆ. ಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಸವೆದ ಸೈಕಲ್ ಟಯರನ್ನು ನೆನಪಿಸಿಕೊಳ್ಳಿ. ಟಯರ್ ಒಂದು ಕಡೆ ಸೀಳಿದರೆ ಒಳಗಿನ ಟ್ಯೂಬ್ ಅಲ್ಲಿಂದ ಗುಳ್ಳೆಯಾಗಿ ಹೊರಗೆ ಬರುತ್ತದೆ, ಅಲ್ವಾ? ಹೊಟ್ಟೆಯ ಗೋಡೆಯೇ ಆ ಟಯರು. ಒಳಗಿನ ಪೊರೆ, ಕೊಬ್ಬು, ಕೆಲವೊಮ್ಮೆ ಕರುಳು, ಇವು ಟ್ಯೂಬು. ಸೀಳಿದ ಟಯರು ಮಾತ್ರೆಯಿಂದ, ಕಷಾಯದಿಂದ ಕೂಡಿಕೊಳ್ಳುವುದಿಲ್ಲ.

ಗ್ರಂಥಿಯ ಗಂಟು ಬೇರೆ ತರಹ. ಅದು ಒಳಗೆ ಹೋಗುವುದಿಲ್ಲ, ಕೆಮ್ಮಿದರೆ ದೊಡ್ಡದಾಗುವುದಿಲ್ಲ, ಚರ್ಮದಡಿ ಹುಣಸೆಬೀಜದಂತೆ ಕೈಗೆ ಸಿಗುತ್ತದೆ. ಬರಿಗಾಲಲ್ಲಿ ಗದ್ದೆಗಿಳಿಯುವವರಲ್ಲಿ, ಕಾಲ್ಬೆರಳ ಸಂದಿ ಕೊಳೆತವರಲ್ಲಿ, ಪಾದಕ್ಕೆ ಮುಳ್ಳು ಚುಚ್ಚಿದವರಲ್ಲಿ ಇದು ಬರುವುದು ಜಾಸ್ತಿ. ಗಾಯ ಮಾಗಿದರೆ ಗಂಟೂ ಇಳಿಯುತ್ತದೆ. ಎರಡು ಮೂರು ವಾರ ಕಳೆದರೂ ಇಳಿಯದಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ, ಬೆಳೆಯುತ್ತಿದ್ದರೆ, ಜೊತೆಗೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ತೋರಿಸಲೇಬೇಕು. ಕ್ಷಯ ಇರಬಹುದು, ಅಪರೂಪಕ್ಕೆ ಕ್ಯಾನ್ಸರ್ ಇರಬಹುದು. ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷೆ ಮಾಡಿದರೆ ಬಹಳಷ್ಟು ಸಲ ಗೊತ್ತಾಗುತ್ತದೆ. ಗುಪ್ತಾಂಗದಲ್ಲಿ ಹುಣ್ಣಾಗಿ ಆಮೇಲೆ ಗಂಟು ಬಂದಿದ್ದರೆ ಅದನ್ನೂ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ಔಷಧಿ ಬೇಕಾಗುತ್ತದೆ.

ಉಳಿದ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಕೆಂಪಗೆ, ಬಿಸಿಯಾಗಿ, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವಿದ್ದರೆ ಕೀವಿನ ಕುರು. ಮೆತ್ತಗೆ, ನೋವಿಲ್ಲದೆ, ಜಾರುವಂತಿದ್ದರೆ ಕೊಬ್ಬಿನ ಗಡ್ಡೆ. ಬೀಜದ ಚೀಲದಲ್ಲೇ ಊತವಿದ್ದು, ಗಂಟಿನ ಮೇಲ್ತುದಿ ಕೈಗೆ ಸಿಗುತ್ತಿದ್ದರೆ ನೀರು ತುಂಬಿರಬಹುದು. ಆನೆಕಾಲು ರೋಗ ಇರುವ ಕರಾವಳಿ ಮತ್ತು ಕಲಬುರಗಿ, ಯಾದಗಿರಿ ಕಡೆ ಇದನ್ನು ಮರೆಯುವಂತಿಲ್ಲ. ಬಸುರಿಯರಲ್ಲಿ ರಕ್ತನಾಳ ಊದಿ ಹರ್ನಿಯಾದಂತೆಯೇ ಕಾಣುವುದುಂಟು, ಹೆರಿಗೆಯ ನಂತರ ಇಳಿಯುತ್ತದೆ. ಅದಕ್ಕೆ ಕತ್ತರಿ ಹಾಕುವ ಮೊದಲು ಸ್ಕ್ಯಾನ್ ಮಾಡಿಸಬೇಕು. ಇನ್ನೊಂದು ಮಾತು: ತೊಡೆಸಂದಿನ ಮೂಲಕ ಆಂಜಿಯೋಗ್ರಾಂ ಮಾಡಿಸಿದ ಮೇಲೆ ಅದೇ ಜಾಗದಲ್ಲಿ ನಾಡಿಯಂತೆ ಮಿಡಿಯುವ ಗಂಟು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಅದು ರಕ್ತನಾಳ ಸೋರಿ ಆದ ಗಂಟು.

ಗಂಟು ಏನೆಂದು ಗೊತ್ತಾಗುವವರೆಗೆ ಬಿಸಿ ಶಾಖ, ಸೊಪ್ಪಿನ ಪಟ್ಟು, ಬ್ಲೇಡು, ಸೂಜಿ ಏನೂ ಬೇಡ. ಕುರು ಅಂದುಕೊಂಡು ಚುಚ್ಚಿದ ಜಾಗದಲ್ಲಿ ಕರುಳು ಇರಬಹುದು.

ಆಯ್ಕೆಗೆ ಮುಂಚೆ ಕೇಳಿಕೊಳ್ಳಬೇಕಾದದ್ದು

ಹರ್ನಿಯಾ ಎಂದು ಖಾತ್ರಿಯಾಯಿತು ಅಂತಿಟ್ಟುಕೊಳ್ಳಿ. ಬಹಳ ಜನ ಕೇಳುವ ಮೊದಲ ಪ್ರಶ್ನೆ ‘ಓಪನ್ (ಕೊಯ್ದು ಮಾಡುವುದು) ಒಳ್ಳೆಯದಾ, ಲ್ಯಾಪ್ರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಮಾಡುವುದು) ಒಳ್ಳೆಯದಾ’ ಎಂದು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲನೆಯದು: ಮಲಗಿದಾಗ ಗಂಟು ಪೂರ್ತಿ ಒಳಗೆ ಹೋಗುತ್ತಾ? ಹೋಗುತ್ತಿದ್ದರೆ ಯೋಚಿಸಲು ನಿಮಗೆ ಸಮಯವಿದೆ. ಹೋಗುತ್ತಿದ್ದದ್ದು ಈಗ ಹೋಗುತ್ತಿಲ್ಲ ಅಂದರೆ ಸಮಯ ಮುಗಿಯುತ್ತಾ ಬಂದಿದೆ. ಎರಡನೆಯದು: ಗಂಟು ತೊಡೆ ಹೊಟ್ಟೆಗೆ ಸೇರುವ ಕಡೆಯ ಗೆರೆಗಿಂತ ಮೇಲಿದೆಯಾ, ಕೆಳಗಿದೆಯಾ? ಕೆಳಗಿದ್ದರೆ ಅದು ತೊಡೆಯ ಹರ್ನಿಯಾ ಇರಬಹುದು. ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಇದು ಜಾಸ್ತಿ. ಚಿಕ್ಕದಾಗಿರುತ್ತದೆ, ಗ್ರಂಥಿ ಎಂದೇ ಮೋಸಹೋಗುವಂತಿರುತ್ತದೆ. ಆದರೆ ದಾರಿ ಕಿರಿದಾಗಿರುವುದರಿಂದ ಕರುಳು ಅಲ್ಲಿ ಸಿಕ್ಕಿಹಾಕಿಕೊಳ್ಳುವ ಅಪಾಯ ಮಾಮೂಲಿ ಹರ್ನಿಯಾಗಿಂತ ಎಷ್ಟೋ ಪಟ್ಟು ಹೆಚ್ಚು.

ಆಮೇಲೆ ನಿಮ್ಮ ದೇಹದ ಲೆಕ್ಕ. ಹೃದಯ, ಶ್ವಾಸಕೋಶ, ಶುಗರ್, ರಕ್ತ ತೆಳುವಾಗಿಸುವ ಮಾತ್ರೆ. ಗಂಟು ಒಂದೇ ಕಡೆನಾ, ಎರಡೂ ಕಡೆನಾ? ಹಿಂದೆ ಆಪರೇಷನ್ ಆಗಿ ಮತ್ತೆ ಬಂದದ್ದಾ? ನಿಮ್ಮ ಕೆಲಸ ಎಂಥದ್ದು, ಎಷ್ಟು ದಿನ ರಜೆ ಹಾಕಬಹುದು? ಕೊನೆಗೆ ದುಡ್ಡು, ಮತ್ತು ನಿಮ್ಮ ಊರಿನ ಸರ್ಜನ್ನಿನ ಕೈ ಯಾವುದರಲ್ಲಿ ಪಳಗಿದೆ ಎಂಬುದು. ಈ ಕೊನೆಯದನ್ನು ಜನ ಕೇಳುವುದೇ ಇಲ್ಲ.

ಕಾಯುವುದು

ಇದೂ ಒಂದು ಆಯ್ಕೆ. ನೋವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ, ಮಲಗಿದರೆ ಒಳಗೆ ಹೋಗುತ್ತದೆ, ಅಂಥ ಗಂಡಸರಿಗೆ ಮಾತ್ರ. ಅಮೆರಿಕದಲ್ಲಿ 700ಕ್ಕೂ ಹೆಚ್ಚು ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಕ್ಷಣ ಆಪರೇಷನ್ ಮಾಡಿ ಇನ್ನೊಂದನ್ನು ಕಾಯಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಾದವರಲ್ಲಿ ಹರ್ನಿಯಾ ಸಿಕ್ಕಿಹಾಕಿಕೊಂಡು ತುರ್ತು ಸ್ಥಿತಿ ಬಂದದ್ದು ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ ಜನರಿಗೆ. ಆದರೆ ಅವರಲ್ಲಿ ಎರಡು ವರ್ಷದೊಳಗೆ ಸುಮಾರು ಕಾಲುಭಾಗ ಜನ, ಹತ್ತು ವರ್ಷದೊಳಗೆ ನೂರರಲ್ಲಿ 68 ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ಬಹುಪಾಲು ನೋವು ಜಾಸ್ತಿಯಾಗಿ.

ಇದರ ಅರ್ಥ ನನಗೆ ಹೀಗೆ ಕಾಣುತ್ತದೆ. ಕಾಯುವುದು ಅಪಾಯವಲ್ಲ, ಆದರೆ ಅದು ಆಪರೇಷನ್ ತಪ್ಪಿಸುವ ದಾರಿಯೂ ಅಲ್ಲ, ಮುಂದೂಡುವ ದಾರಿ. ಮಗಳ ಮದುವೆ ಇದೆ, ಕೊಯ್ಲು ಇದೆ, ಸ್ಟೆಂಟ್ ಹಾಕಿ ಸ್ವಲ್ಪ ತಿಂಗಳಷ್ಟೇ ಆಗಿದೆ, ಇಂಥ ಕಾರಣಕ್ಕೆ ಮುಂದೂಡಬಹುದು. ಹೆದರಿಕೆಗೋ ನಾಚಿಕೆಗೋ ಮುಂದೂಡಬೇಡಿ. ಇನ್ನೂ ಒಂದು ಲೆಕ್ಕವಿದೆ. 45ರಲ್ಲಿ ಗಟ್ಟಿಮುಟ್ಟಾಗಿದ್ದಾಗ ಸುಲಭವಾಗುವ ಆಪರೇಷನ್, 75ರಲ್ಲಿ ಬಿಪಿ, ಶುಗರ್, ಉಬ್ಬಸ ಎಲ್ಲಾ ಸೇರಿಕೊಂಡ ಮೇಲೆ ಅಷ್ಟು ಸುಲಭವಿರುವುದಿಲ್ಲ.

ಹೆಂಗಸರು ಕಾಯಬಾರದು. ಮಕ್ಕಳನ್ನೂ ಕಾಯಿಸಬಾರದು. ಹಸುಗೂಸಿನ ತೊಡೆಸಂದಿನ ಹರ್ನಿಯಾ ದೊಡ್ಡದಾದ ಮೇಲೆ ಸರಿಹೋಗುತ್ತದೆ ಎಂದು ಅಜ್ಜಿಯರು ಹೇಳುತ್ತಾರೆ. ಹೊಕ್ಕುಳ ಉಬ್ಬುವುದು ಹಾಗೆ ಸರಿಹೋಗುವುದುಂಟು, ಆದರೆ ತೊಡೆಸಂದಿನದು ಹೋಗುವುದಿಲ್ಲ. ಸಿಕ್ಕಿಹಾಕಿಕೊಳ್ಳುವ ಭಯ ಮೊದಲ ವರ್ಷದಲ್ಲೇ ಹೆಚ್ಚು. ಮಕ್ಕಳಿಗೆ ಚಿಕ್ಕ ಆಪರೇಷನ್ ಸಾಕು, ದೊಡ್ಡವರಿಗೆ ಇಡುವಂತೆ ಜಾಲರಿ (ಮೆಶ್) ಹಾಕುವುದಿಲ್ಲ.

ಬೆಲ್ಟು

ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಅಗ್ಗ, ಕತ್ತರಿಯಿಲ್ಲ. ಅದಕ್ಕೇ ಜನರಿಗೆ ಇಷ್ಟ. ನನಗೆ ಇದರ ಮೇಲೆ ಸಿಟ್ಟಿದೆ, ಕಾರಣ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ರಾತ್ರಿ ಪಾಳಿಯಲ್ಲಿ ಒಬ್ಬ ಹಿರಿಯರನ್ನು ಕರೆತಂದರು. ತೋಟದ ಕೆಲಸ ಮಾಡುವವರು, ಅರವತ್ತರ ಆಸುಪಾಸು. ಸೊಂಟದಲ್ಲಿ ಬೆಲ್ಟು, ಅದರ ಉಜ್ಜಿಗೆ ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು. ಎಂಟು ವರ್ಷದಿಂದ ಕಟ್ಟುತ್ತಿದ್ದರಂತೆ. ಗಂಟು ಬೆಲ್ಟಿನ ಕೆಳಗೇ ಜಾರಿ ಹೊರಬಂದಿತ್ತು, ಬೆಲ್ಟು ಅದರ ಮೇಲೆ ಒತ್ತಿಕೊಂಡೇ ಇತ್ತು. ಬೆಳಿಗ್ಗೆಯಿಂದ ವಾಂತಿ, ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಸರ್ಜನ್ ತೆರೆದಾಗ ಕರುಳಿನ ಒಂದು ಗೇಣುದ್ದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಬಟ್ಟೆ ಸುತ್ತಿ ನಾವೆಲ್ಲ ಗಡಿಯಾರ ನೋಡುತ್ತಾ ನಿಂತೆವು. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಬಟ್ಟೆ ತೆಗೆದಾಗ ಎರಡು ತುದಿಯಲ್ಲಿ ಗುಲಾಬಿ ಬಣ್ಣ ಮರಳಿತ್ತು, ನಡುವಿನದು ಮರಳಲಿಲ್ಲ. ಅಷ್ಟನ್ನು ಕತ್ತರಿಸಿ ಕರುಳು ಕೂಡಿಸಬೇಕಾಯಿತು. ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದಾಗಿದ್ದವರು ಹದಿನಾರು ದಿನ ವಾರ್ಡಿನಲ್ಲಿದ್ದರು. ಬದುಕಿದರು, ಅದೇ ಸಮಾಧಾನ.

ಬೆಲ್ಟು ರಂಧ್ರ ಮುಚ್ಚುವುದಿಲ್ಲ, ಮರೆಮಾಡುತ್ತದೆ ಅಷ್ಟೆ. ಆಪರೇಷನ್ ದಿನ ಗೊತ್ತಾಗಿ ಮಧ್ಯೆ ಕೆಲವು ವಾರ ನಿಂತು ಕೆಲಸ ಮಾಡಬೇಕಾದವರಿಗೆ, ಅಥವಾ ಯಾವ ಅರಿವಳಿಕೆಯನ್ನೂ ತಡೆಯದಷ್ಟು ದುರ್ಬಲರಾದವರಿಗೆ ಡಾಕ್ಟರೇ ಹೇಳಿದರೆ ಸರಿ. ಕಟ್ಟುವುದಾದರೆ ಮಲಗಿಕೊಂಡು, ಗಂಟು ಪೂರ್ತಿ ಒಳಗೆ ಹೋದ ಮೇಲೆ ಕಟ್ಟಬೇಕು. ತೊಡೆಯ ಹರ್ನಿಯಾಗೆ ಬೆಲ್ಟ್ ಬೇಡವೇ ಬೇಡ.

ಓಪನ್ ಆಪರೇಷನ್, ಜಾಲರಿ ಇಟ್ಟು

ತೊಡೆಸಂದಿನ ಮೇಲೆ ಐದಾರು ಸೆಂಟಿಮೀಟರ್ ಕೊಯ್ದು, ಇಳಿದದ್ದನ್ನು ಒಳಗೆ ಸರಿಸಿ, ದುರ್ಬಲ ಜಾಗಕ್ಕೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಜಾಲರಿ ಹೊಲಿಯುತ್ತಾರೆ. ಹಿಂದೆ ಸ್ನಾಯುವನ್ನೇ ಎಳೆದು ಹೊಲಿಯುತ್ತಿದ್ದರು. ಆ ಎಳೆತಕ್ಕೆ ನೋವು ಜಾಸ್ತಿ, ಮತ್ತೆ ಬರುವುದೂ ಜಾಸ್ತಿ. 1980ರ ದಶಕದಲ್ಲಿ ಲಾಸ್ ಏಂಜಲೀಸಿನ ಇರ್ವಿಂಗ್ ಲಿಕ್ಟೆನ್‌ಸ್ಟೈನ್ ಎಳೆಯದೆ ಜಾಲರಿ ಇಡುವ ಕ್ರಮವನ್ನು ಬಳಕೆಗೆ ತಂದರು. ಇವತ್ತು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಮಾಡುವುದು ಇದನ್ನೇ.

ಇದರ ದೊಡ್ಡ ಗುಣ ಅರಿವಳಿಕೆಯಲ್ಲಿದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಹುದು. ಹೃದಯ ದುರ್ಬಲ ಇದ್ದವರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ಎಚ್ಚರವಿದ್ದಂತೆಯೇ ಮಾಡಬಹುದು. ಬೆನ್ನಿನ ಇಂಜೆಕ್ಷನ್ ಆದ ಮೇಲೆ ಪ್ರಾಸ್ಟೇಟ್ ದೊಡ್ಡದಿರುವ ಗಂಡಸರಿಗೆ ಮೂತ್ರ ಕಟ್ಟುವುದುಂಟು, ಮೊದಲೇ ಡಾಕ್ಟರಿಗೆ ಹೇಳಿಡಿ. ಖರ್ಚು ಕಡಿಮೆ, ವಿಶೇಷ ಯಂತ್ರ ಬೇಕಿಲ್ಲ.

ಕೊರತೆ ಅಂದರೆ ಮೊದಲ ವಾರದ ನೋವು ಸ್ವಲ್ಪ ಜಾಸ್ತಿ. ಯಾವ ಬಗೆಯ ಹರ್ನಿಯಾ ಆಪರೇಷನ್ ಆದರೂ ನೂರರಲ್ಲಿ ಹತ್ತು ಹನ್ನೆರಡು ಜನರಿಗೆ ಮೂರು ತಿಂಗಳು ಕಳೆದ ಮೇಲೂ ಸ್ವಲ್ಪ ನೋವೋ ಜೋಮೋ ಉಳಿಯಬಹುದು. ಓಪನ್ನಿನಲ್ಲಿ ಇದು ಲ್ಯಾಪ್ರೋಸ್ಕೋಪಿಗಿಂತ ಕೊಂಚ ಹೆಚ್ಚು. ದಿನನಿತ್ಯದ ಬದುಕೇ ಕೆಡುವಷ್ಟು ನೋವು ಬರುವುದು ಬಹಳ ಕಡಿಮೆ ಜನರಿಗೆ, ಆದರೂ ಬರುವುದುಂಟು ಎಂದು ತಿಳಿದೇ ಒಳಗೆ ಹೋಗಬೇಕು.

ಜಾಲರಿಯ ಬೆಲೆ ಬಗ್ಗೆ ಒಂದು ಮಾತು. ‘ಇಂಪೋರ್ಟೆಡ್ ಮೆಶ್ ಹಾಕಿಸಿ, ಜೀವಮಾನದ ಪ್ರಶ್ನೆ’ ಎಂದು ಯಾರಾದರೂ ಒತ್ತಾಯಿಸಿದರೆ ಗಾಬರಿಯಾಗಬೇಡಿ. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಚಿಕ್ಕ ಊರಿನ ಸರ್ಜನ್ ರವೀಂದ್ರನಾಥ ತೊಂಗಾವ್‌ಕರ್ ಬಡವರಿಗಾಗಿ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಮಾಡಿ ಜಾಲರಿಯಾಗಿ ಬಳಸಿ ತೋರಿಸಿದರು. ಆಮೇಲೆ ಉಗಾಂಡಾದಲ್ಲಿ ಇಂಥ ಅಗ್ಗದ ಜಾಲರಿಯನ್ನೂ ಕಂಪನಿ ಜಾಲರಿಯನ್ನೂ ಹೋಲಿಸಿ ನೋಡಿದ ಅಧ್ಯಯನ 2016ರಲ್ಲಿ ಬಂತು. ಒಂದು ವರ್ಷದ ಮೇಲೆ ಹರ್ನಿಯಾ ಮರಳುವುದರಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮಲ್ಲಿ ಸಿಗುವ ಸಾಮಾನ್ಯ ಕಂಪನಿ ಜಾಲರಿಯೇ ಧಾರಾಳ ಸಾಕು.

ಲ್ಯಾಪ್ರೋಸ್ಕೋಪಿ

ಜನ ಇದನ್ನು ‘ಲೇಸರ್’ ಅನ್ನುತ್ತಾರೆ, ಕೆಲವು ಜಾಹೀರಾತುಗಳೂ ಹಾಗೇ ಬರೆಯುತ್ತವೆ. ಇದರಲ್ಲಿ ಲೇಸರ್ ರಂಧ್ರ ಮುಚ್ಚುವುದಿಲ್ಲ. ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಜಾಲರಿಯನ್ನು ಒಳಗಿನಿಂದ ಇಡುತ್ತಾರೆ. ಮತ್ತೆ ಸೈಕಲ್ಲಿನ ಮಾತಿಗೇ ಬರೋಣ. ಸೀಳಿದ ಟಯರಿಗೆ ಅಂಗಡಿಯವನು ಹಳೇ ಟಯರಿನ ತುಂಡು ಕತ್ತರಿಸಿ ಟ್ಯೂಬಿಗೂ ಟಯರಿಗೂ ನಡುವೆ ಇಡುತ್ತಾನಲ್ಲ, ಅದೇ ಲೆಕ್ಕ. ಗಾಳಿಯ ಒತ್ತಡವೇ ಆ ತುಂಡನ್ನು ಟಯರಿಗೆ ಒತ್ತಿ ಹಿಡಿಯುತ್ತದೆ. ಇಲ್ಲೂ ಹೊಟ್ಟೆಯ ಒತ್ತಡವೇ ಜಾಲರಿಯನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಜಾಲರಿ ಸುಮಾರು 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ ಇರುವುದರಿಂದ ಮೇಲಿನ ರಂಧ್ರವೂ ತೊಡೆಯ ರಂಧ್ರವೂ ಒಟ್ಟಿಗೆ ಮುಚ್ಚುತ್ತವೆ. ಹೆಂಗಸರಿಗೆ ಇದನ್ನೇ ಹೆಚ್ಚು ಹೇಳುವುದು ಈ ಕಾರಣಕ್ಕೆ.

ಎರಡೂ ಕಡೆ ಹರ್ನಿಯಾ ಇದ್ದರೆ ಅದೇ ಮೂರು ತೂತಿನಲ್ಲಿ ಎರಡೂ ಮುಗಿಯುತ್ತದೆ. ಹಿಂದೆ ಓಪನ್ ಆಗಿ ಮತ್ತೆ ಬಂದವರಿಗೂ ಇದು ಉತ್ತಮ, ಹಳೆಯ ಗಾಯದ ಗಂಟುಗಳನ್ನು ಕೆದಕಬೇಕಿಲ್ಲ. ಹಿಂದೆ ಲ್ಯಾಪ್ರೋಸ್ಕೋಪಿ ಆಗಿ ಮತ್ತೆ ಬಂದಿದ್ದರೆ ಓಪನ್ ಉತ್ತಮ. ನೋವು ಬೇಗ ಕಡಿಮೆಯಾಗುತ್ತದೆ, ಕೆಲಸಕ್ಕೆ ಬೇಗ ಮರಳಬಹುದು.

ಆದರೆ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವುದೇ ರೂಢಿ. ಶ್ವಾಸಕೋಶ, ಹೃದಯ ದುರ್ಬಲ ಇದ್ದವರಿಗೆ ಇದು ಹೊರೆ. ಹಿಂದೆ ಪ್ರಾಸ್ಟೇಟ್ ತೆಗೆಸಿದವರಿಗೆ, ಕೆಳಹೊಟ್ಟೆಯ ದೊಡ್ಡ ಆಪರೇಷನ್ ಆದವರಿಗೆ ಕಷ್ಟ. ಬಿಲ್ಲು ಸಾಮಾನ್ಯವಾಗಿ ಜಾಸ್ತಿ. ಸರ್ಜನ್ನಿಗೆ ಇದು ಕೈಗೆ ಹತ್ತಲು ಕಡಿಮೆಯೆಂದರೂ ಐವತ್ತರಿಂದ ನೂರು ಆಪರೇಷನ್ ಬೇಕು ಅನ್ನುತ್ತಾರೆ. ಹಾಗಾಗಿ ‘ಡಾಕ್ಟ್ರೇ, ನೀವು ತಿಂಗಳಿಗೆ ಇಂಥವು ಎಷ್ಟು ಮಾಡ್ತೀರಿ?’ ಎಂದು ಮರ್ಯಾದೆಯಿಂದ ಕೇಳಿ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದನ್ನು ನಾನು ನೋಡಿಲ್ಲ. ಲ್ಯಾಪ್ರೋಸ್ಕೋಪಿಯಲ್ಲಿ ಈಗಷ್ಟೇ ಕೈ ಪಳಗುತ್ತಿರುವವರಿಗಿಂತ, ಸಾವಿರ ಓಪನ್ ಮಾಡಿದ ಕೈ ಮೇಲು.

ಜಾಲರಿಯೇ ಬೇಡ ಅನ್ನುವವರಿಗೆ

ಮೈಯಲ್ಲಿ ಹೊರಗಿನ ವಸ್ತು ಬೇಡ ಅನ್ನುವವರಿದ್ದಾರೆ. ಅವರಿಗೂ ದಾರಿಯಿದೆ. ಕೆನಡಾದ ಟೊರಾಂಟೊದಲ್ಲಿ 1945ರಲ್ಲಿ ಶುರುವಾದ ಶೌಲ್ಡಿಸ್ ಆಸ್ಪತ್ರೆ ಪದರ ಪದರವಾಗಿ ಹೊಲಿಯುವ ಕ್ರಮಕ್ಕೆ ಹೆಸರಾಗಿದೆ. ನಮ್ಮ ಪುಣೆಯ ಮೋಹನ್ ದೇಸರ್ಡಾ ರೋಗಿಯದೇ ಸ್ನಾಯುಪೊರೆಯ ಒಂದು ಪಟ್ಟಿಯನ್ನು ಜಾಲರಿಯ ಬದಲು ಬಳಸುವ ಕ್ರಮ ರೂಪಿಸಿದರು. ಇವುಗಳ ಫಲ ಚೆನ್ನಾಗಿರುವುದು ದಿನವೂ ಅದನ್ನೇ ಮಾಡುವ ಕೈಯಲ್ಲಿ. ಹತ್ತಿರದಲ್ಲಿ ಅಂಥವರು ಇಲ್ಲದಿದ್ದರೆ ಹಠ ಹಿಡಿಯುವುದರಲ್ಲಿ ಅರ್ಥವಿಲ್ಲ.

ದುಡ್ಡಿನ ಲೆಕ್ಕ

ಬಿಪಿಎಲ್ ಕಾರ್ಡ್ ಇದ್ದವರು ಮೊದಲು ಸರ್ಕಾರಿ ಆಸ್ಪತ್ರೆಗೆ ಬನ್ನಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಇಲ್ಲದಿದ್ದಾಗ ರೆಫರಲ್ ಚೀಟಿ ಕೊಡುತ್ತಾರೆ, ಅದು ಬೇಕು. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಇದೆಯಾ ಎಂದು ಮನೆಯಲ್ಲೊಮ್ಮೆ ಹುಡುಕಿ.

ಸ್ವಂತ ಆರೋಗ್ಯ ವಿಮೆ ಇದ್ದವರು ಪಾಲಿಸಿಯ ಸಣ್ಣ ಅಕ್ಷರ ಓದಿ. ಹರ್ನಿಯಾಗೆ ಸಾಮಾನ್ಯವಾಗಿ ಎರಡು ವರ್ಷ ಕಾಯುವ ಅವಧಿ ಇರುತ್ತದೆ. ಪಾಲಿಸಿ ಮಾಡಿಸಿ ಇಪ್ಪತ್ತೆರಡು ತಿಂಗಳಾಗಿದ್ದು, ಗಂಟು ನೋವಿಲ್ಲದೆ ಒಳಗೆ ಹೋಗುತ್ತಿದ್ದರೆ, ಡಾಕ್ಟರನ್ನು ಕೇಳಿ ಇನ್ನೆರಡು ತಿಂಗಳು ತಡೆಯುವುದು ಜಾಣತನ.

ಖಾಸಗಿಯಲ್ಲಿ ಕೈಯಿಂದ ಕೊಡುವುದಾದರೆ ಪೂರ್ತಿ ಪ್ಯಾಕೇಜ್ ಬರೆಸಿಕೊಳ್ಳಿ: ಜಾಲರಿ, ಅರಿವಳಿಕೆ ಡಾಕ್ಟರ್, ರೂಮು, ಔಷಧಿ ಎಲ್ಲಾ ಸೇರಿಯಾ? ಲ್ಯಾಪ್ರೋಸ್ಕೋಪಿಯಲ್ಲಿ ಜಾಲರಿ ಕೂರಿಸಲು ಬಳಸುವ ಪಿನ್ನಿನ ಸಾಧನಕ್ಕೆ ಬೇರೆ ಬಿಲ್ ಇದೆಯಾ? ಮಧ್ಯದಲ್ಲಿ ಓಪನ್ ಮಾಡಬೇಕಾಗಿ ಬಂದರೆ ಎಷ್ಟು?

ಆಪರೇಷನ್ ಆದ ಮೇಲೆ

ಬೀಜದ ಚೀಲ ಕಪ್ಪುನೀಲಿ ಆಗುತ್ತದೆ, ಊದುತ್ತದೆ. ಗಂಟಿದ್ದ ಜಾಗದಲ್ಲಿ ನೀರು ಸೇರಿ ‘ಅಯ್ಯೋ, ಮತ್ತೆ ಬಂತು’ ಅನಿಸುತ್ತದೆ. ಅದು ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ಜ್ವರ, ಗಾಯದಿಂದ ಕೀವು, ದಿನದಿಂದ ದಿನಕ್ಕೆ ಏರುವ ನೋವು ಇದ್ದರೆ ಮಾತ್ರ ತಡಮಾಡದೆ ಬನ್ನಿ. ಅವತ್ತೇ ಎದ್ದು ಓಡಾಡಬೇಕು. ಕೆಮ್ಮುವಾಗ ದಿಂಬಿನಿಂದ ಒತ್ತಿ ಹಿಡಿಯಿರಿ. ನಂಜಾಗುತ್ತದೆ ಎಂದು ಬೇಳೆ, ಮೊಟ್ಟೆ, ಬದನೆಕಾಯಿ ಎಲ್ಲಾ ಬಿಡಿಸಿ ಬರೀ ಗಂಜಿ ಕೊಡುವ ಮನೆಗಳನ್ನು ನೋಡಿ ನನಗೆ ಸಂಕಟವಾಗುತ್ತದೆ. ಗಾಯ ಮಾಗಲು ಬೇಳೆ, ಮೊಟ್ಟೆ, ಹಾಲು ಬೇಕು. ಮಲಬದ್ಧತೆ ಆಗದಂತೆ ಸೊಪ್ಪು, ಹಣ್ಣು, ನೀರು ಬೇಕು. ಬೀಡಿ ಸಿಗರೇಟು ಬೇಡ.

ಕುಳಿತು ಮಾಡುವ ಕೆಲಸಕ್ಕೆ ಒಂದು ವಾರದಲ್ಲೇ ಮರಳಿದವರಿದ್ದಾರೆ. ಮೂಟೆ ಹೊರುವವರಿಗೆ ನಮ್ಮ ಸರ್ಜನ್ನರು ನಾಲ್ಕರಿಂದ ಆರು ವಾರ ಹೇಳುತ್ತಾರೆ.

ಆಯ್ಕೆಯೇ ಇಲ್ಲದ ಹೊತ್ತು

ಒಳಗೆ ಹೋಗುತ್ತಿದ್ದ ಗಂಟು ಹೋಗುತ್ತಿಲ್ಲ, ಗಟ್ಟಿಯಾಗಿದೆ, ನೋವು ಏರುತ್ತಿದೆ, ಮೇಲಿನ ಚರ್ಮ ಕೆಂಪಾಗಿದೆ, ವಾಂತಿ, ಹೊಟ್ಟೆಯುಬ್ಬರ, ಗಾಳಿಯೂ ಮಲವೂ ಹೋಗುತ್ತಿಲ್ಲ. ಇವುಗಳಲ್ಲಿ ಒಂದೆರಡು ಕಂಡರೂ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕಾಯಬೇಡಿ. ಏನೂ ತಿನ್ನಿಸಬೇಡಿ, ಕುಡಿಸಬೇಡಿ, ಬಲವಾಗಿ ಒತ್ತಿ ಒಳಗೆ ತಳ್ಳಬೇಡಿ. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಆ ಮೂವರು

ಹಮಾಲಿ ಹುಡುಗನಿಗೆ ಬಲಗಡೆ ಒಂದೇ ಹರ್ನಿಯಾ, ಆರೋಗ್ಯ ಗಟ್ಟಿ, ಬಿಪಿಎಲ್ ಕಾರ್ಡಿದೆ. ನಮ್ಮಲ್ಲೇ ಓಪನ್ ಮಾಡಿಸಿಕೊಳ್ಳಲು ಒಪ್ಪಿದ. ಮಂಡಿಯಲ್ಲಿ ಲೋಡು ಕಡಿಮೆ ಇರುವ ಮಳೆಗಾಲದಲ್ಲಿ ದಿನ ಗೊತ್ತು ಮಾಡಿಕೊಂಡ, ಆರು ವಾರದ ಸಂಸಾರದ ಖರ್ಚಿಗೆ ಈಗಿಂದಲೇ ಕೂಡಿಡುತ್ತಿದ್ದಾನೆ.

ಅತ್ತಿಗೆಯ ಗಂಟು ಗೆರೆಯ ಕೆಳಗಿತ್ತು. ಮುಟ್ಟಿ ನೋಡಿದ ತಕ್ಷಣ ನನಗೆ ಎದೆ ಧಸಕ್ಕೆಂದಿತು. ಮರುದಿನವೇ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ, ತೊಡೆಯ ಹರ್ನಿಯಾ. ಅಣ್ಣನಿಗೆ ನಾನೇ ಹೇಳಿದೆ. ವಾರದೊಳಗೆ ಲ್ಯಾಪ್ರೋಸ್ಕೋಪಿ ಆಯಿತು, ಮೂರನೇ ದಿನ ಅಡುಗೆಮನೆಯಲ್ಲಿ ನಿಂತಿದ್ದರು. ಬೈದು ಕೂರಿಸಿದೆ.

ಮೇಷ್ಟ್ರು ಕಾಯುತ್ತಿದ್ದಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸುವಂತಿಲ್ಲ. ಹೃದಯದ ಡಾಕ್ಟರು ಯಾವಾಗ ಸರಿ ಅನ್ನುತ್ತಾರೋ ಆಗ, ಆ ಜಾಗವನ್ನಷ್ಟೇ ಮರಗಟ್ಟಿಸಿ ಓಪನ್ ಮಾಡುವುದು ಎಂದು ನಮ್ಮ ಸರ್ಜನ್ ಹೇಳಿದ್ದಾರೆ. ಅಲ್ಲಿಯವರೆಗೆ ಮೇಷ್ಟ್ರು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಹಾಕಿದ್ದಾರೆ. ತಾರೀಖು, ಮಲಗಿದಾಗ ಒಳಗೆ ಹೋಯಿತೇ, ನೋವು ಹತ್ತಕ್ಕೆ ಎಷ್ಟು, ಮೂರು ಕಾಲಂ. ಪ್ರತಿ ಭಾನುವಾರ ಫೋನ್ ಮಾಡಿ ಆ ವಾರದ ಏಳು ಸಾಲನ್ನೂ ನನಗೆ ಓದಿ ಹೇಳುತ್ತಾರೆ.